ಎಕೋ ರಿಪೋರ್ಟಿನ ಕೊನೆಯ ಸಾಲು

ಸಂಜೆ ಹೊತ್ತು ಶಿವಮೊಗ್ಗದ ದುರ್ಗಿಗುಡಿ ರಸ್ತೆಯಲ್ಲಿ ನಡೆದರೆ ಎದುರಾಗುವವರಲ್ಲಿ ಎಷ್ಟೋ ಜನರ ಕೈಯಲ್ಲಿ ಒಂದು ಕವರ್ ಇರುತ್ತದೆ. ಒಳಗೆ ಇಸಿಜಿ ಚೀಟಿ, ಶುಗರ್ ಮತ್ತು ಕೊಲೆಸ್ಟೆರಾಲ್ ರಿಪೋರ್ಟು, ಹಳೆಯ ಔಷಧ ಚೀಟಿಗಳ ಕಂತೆ. ಕ್ಲಿನಿಕ್ಕು, ಲ್ಯಾಬು, ಮೆಡಿಕಲ್ ಶಾಪುಗಳ ಈ ಬೀದಿಗೆ ಊರಿನವರಷ್ಟೇ ಬರುವುದಿಲ್ಲ. ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಶಿಕಾರಿಪುರಗಳಿಂದ ಬಸ್ಸು ಹಿಡಿದು ಬಂದವರೂ ಟೋಕನ್ ಹಿಡಿದು ಕಾಯುತ್ತಾರೆ.

ಹಾಗೆ ಕಾಯುತ್ತಿರುವ ಐವತ್ತೆರಡು ವರ್ಷದ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ಭದ್ರಾವತಿಯಿಂದ ಬಂದಿದ್ದಾರೆ. ಕೂತರೆ ಏನೂ ತೊಂದರೆಯಿಲ್ಲ. ನೀರಿನ ಬಿಂದಿಗೆ ಹೊತ್ತು ಮಹಡಿ ಹತ್ತಿದರೆ ದಮ್ಮು ಕಟ್ಟುತ್ತದೆ, ರಾತ್ರಿ ಮಲಗಿದಾಗ ಎದೆ ಹೊಡೆದುಕೊಳ್ಳುತ್ತದೆ. ಮನೆಯವರು ಗ್ಯಾಸ್ಟ್ರಿಕ್ ಎಂದರು, ಮೈ ಬಂದಿದೆ ಎಂದರು, ಟೆನ್ಷನ್ ಎಂದರು. ಇಸಿಜಿ ಸರಿಯಿದೆ. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿದ ಡಾಕ್ಟರು ಸಮಾಧಾನದ ಮಾತನ್ನೇ ಹೇಳಿದರು: “ಪಂಪಿಂಗ್ ಚೆನ್ನಾಗಿದೆ ಅಮ್ಮಾ, ಹೆದರ್ಕೋಬೇಡಿ.” ರಿಪೋರ್ಟಿನಲ್ಲೂ ಹಾಗೇ ಇದೆ, ಇಎಫ್ (ಇಜೆಕ್ಷನ್ ಫ್ರಾಕ್ಷನ್) 60%. ಅದರ ಕೆಳಗೆ, ಸಹಿಗಿಂತ ಸ್ವಲ್ಪ ಮೇಲೆ, ಇನ್ನೊಂದು ಸಾಲು: ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್.

ಆ ಸಾಲಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಆ ಸಾಲಿಗೂ, ಆರೇಳು ವರ್ಷದ ಹಿಂದೆ ಅವರ ಮುಟ್ಟು ನಿಂತದ್ದಕ್ಕೂ ಸಂಬಂಧ ಇರಬಹುದೇ ಎಂದು ಯಾರೂ ಕೇಳಲೂ ಇಲ್ಲ. ಈ ಅಧ್ಯಾಯ ಆ ಸಂಬಂಧದ ಕುರಿತದ್ದು.

ಮೊದಲು ಆ 60% ಏನೆಂದು ನೋಡೋಣ. ಹೃದಯದ ಎಡ ಕೆಳಕೋಣೆ ತುಂಬಿದಾಗ ಸುಮಾರು 120 ಮಿಲಿಲೀಟರ್ ರಕ್ತ ಹಿಡಿಯುತ್ತದೆ ಎಂದುಕೊಳ್ಳಿ. ಒಂದು ಹಿಂಡಿಗೆ 70 ಮಿಲಿಲೀಟರಿನಷ್ಟು ಹೊರಗೆ ಹೋದರೆ ಹೆಚ್ಚುಕಡಿಮೆ 60% ಆಯಿತು. ಇದು ಹಿಂಡುವ ಶಕ್ತಿಯ ಲೆಕ್ಕ. ಎಷ್ಟು ಸಲೀಸಾಗಿ ತುಂಬಿಕೊಂಡಿತು ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಅದನ್ನು ಹೇಳುವುದು ಕೊನೆಯ ಸಾಲು: ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ ಎಂದರೆ ಸಡಿಲಗೊಂಡು ತುಂಬಿಕೊಳ್ಳುವುದರಲ್ಲಿ ತೊಡಕು. ಹಸು ಕರೆದು ಗೊತ್ತಿರುವವರಿಗೆ ಇದು ಬೇಗ ತಿಳಿಯುತ್ತದೆ. ಬೆರಳು ಬಿಗಿದಾಗ ಹಾಲು ಚಿಮ್ಮುತ್ತದೆ ನಿಜ, ಆದರೆ ಬೆರಳು ಸಡಿಲಿಸಿದಾಗಲೇ ತೊಟ್ಟಿಗೆ ಮತ್ತೆ ಹಾಲು ಇಳಿಯುವುದು. ಸಡಿಲಿಸದೆ ಹಿಂಡುತ್ತಲೇ ಇದ್ದರೆ ಚೊಂಬು ತುಂಬುವುದಿಲ್ಲ. ಹೃದಯಕ್ಕೂ ಸಡಿಲಗೊಳ್ಳುವುದು ವಿಶ್ರಾಂತಿಯಲ್ಲ, ಕೆಲಸ. ಸ್ನಾಯುಕೋಶದೊಳಗೆ ಹರಡಿದ ಕ್ಯಾಲ್ಸಿಯಮ್ಮನ್ನು ಪ್ರತಿ ಬಡಿತದ ನಂತರವೂ ಅದರ ಉಗ್ರಾಣಕ್ಕೆ ವಾಪಸು ತುಂಬಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತದೆ.

ನಿಮಿಷಕ್ಕೆ 75 ಬಡಿತವಿದ್ದಾಗ ಒಂದು ಬಡಿತಕ್ಕೆ ಸಿಗುವುದು 0.8 ಸೆಕೆಂಡು. ಅದರಲ್ಲಿ ತುಂಬಿಕೊಳ್ಳಲು ಸುಮಾರು ಅರ್ಧ ಸೆಕೆಂಡು. ಮೆಟ್ಟಿಲು ಹತ್ತುವಾಗ ಬಡಿತ 120ಕ್ಕೆ ಏರಿದರೆ ಇಡೀ ಬಡಿತಕ್ಕೇ ಅರ್ಧ ಸೆಕೆಂಡು, ತುಂಬಿಕೊಳ್ಳಲು ಅದರ ಅರ್ಧ. ಗೋಡೆ ಮೃದುವಾಗಿದ್ದರೆ ಅಷ್ಟೇ ಹೊತ್ತಿನಲ್ಲಿ ತುಂಬಿಕೊಳ್ಳುತ್ತದೆ. ಬಿರುಸಾಗಿದ್ದರೆ ರಕ್ತ ಹಿಂದೆಯೇ ಒತ್ತಿಕೊಂಡು ನಿಲ್ಲುತ್ತದೆ, ಆ ಒತ್ತಡ ಶ್ವಾಸಕೋಶಕ್ಕೆ ತಟ್ಟುತ್ತದೆ. ಕೂತಾಗ ಆರಾಮ, ಮಹಡಿ ಹತ್ತಿದರೆ ದಮ್ಮು ಎಂಬ ದೂರಿನ ಹಿಂದೆ ಇರಬಹುದಾದ ಲೆಕ್ಕ ಇಷ್ಟೇ. ಗ್ರೇಡ್ 1 ಎಂದ ಮಾತ್ರಕ್ಕೆ ಹೃದಯ ಸೋತಿತು ಎಂದಲ್ಲ. ವಯಸ್ಸಾದ ಬಹಳ ಜನರ ಎಕೋದಲ್ಲಿ ಈ ಸಾಲು ಇರುತ್ತದೆ, ಹಲವರಿಗೆ ಎಂದೂ ತೊಂದರೆ ಆಗುವುದಿಲ್ಲ. ಆದರೆ ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು ಜೊತೆಗೂಡಿದಾಗ ಇದೇ ಹಾದಿ ಮುಂದೆ ಒಂದು ಬಗೆಯ ಹೃದಯ ವೈಫಲ್ಯಕ್ಕೆ ಹೋಗಬಹುದು. ಅದರಲ್ಲಿ ಪಂಪಿಂಗ್ ಕೊನೆಯವರೆಗೂ 50%ಕ್ಕಿಂತ ಮೇಲೇ ಇರುತ್ತದೆ. ಆ ಬಗೆಯ ರೋಗಿಗಳಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು, ಅದರಲ್ಲೂ ಮುಟ್ಟು ನಿಂತವರು. ಯಾಕೆ ಎಂದು ಕೇಳುತ್ತ ಹೋದರೆ ಎರಡೇ ಪರಮಾಣುಗಳ ಒಂದು ಅಣುವಿನ ಹತ್ತಿರ ಬಂದು ನಿಲ್ಲುತ್ತೇವೆ.

ಅದು ನೈಟ್ರಿಕ್ ಆಕ್ಸೈಡ್. ಒಂದು ಸಾರಜನಕ, ಒಂದು ಆಮ್ಲಜನಕ. ಆಗುಂಬೆಯ ಮೇಲೆ ಮುಂಗಾರಿನ ಮಿಂಚು ಹೊಡೆದಾಗ ಗಾಳಿಯಲ್ಲಿ ಇದೇ ಅನಿಲ ಹುಟ್ಟುತ್ತದೆ, ವಾಹನಗಳ ಹೊಗೆಯಲ್ಲೂ ಇರುತ್ತದೆ. ಇಂಥದ್ದನ್ನು ನಮ್ಮ ದೇಹ ತಾನಾಗಿ ತಯಾರಿಸಿ ಸಂದೇಶ ಕಳಿಸಲು ಬಳಸುತ್ತದೆ ಎಂದು ಐವತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಂಬುವವರು ಇರುತ್ತಿರಲಿಲ್ಲ.

ಸೂಚನೆಗಳಂತೂ ಕಣ್ಣೆದುರಿಗೇ ಇದ್ದವು. 1847ರ ಹೊತ್ತಿಗೆ ಇಟಲಿಯ ಅಸ್ಕಾನಿಯೊ ಸೊಬ್ರೆರೊ ನೈಟ್ರೋಗ್ಲಿಸರಿನ್ ತಯಾರಿಸಿದ, ಆಲ್ಫ್ರೆಡ್ ನೊಬೆಲ್ 1867ರಲ್ಲಿ ಅದನ್ನು ಪಳಗಿಸಿ ಡೈನಮೈಟಿಗೆ ಪೇಟೆಂಟ್ ಪಡೆದ. ಡೈನಮೈಟ್ ಕಾರ್ಖಾನೆಗಳ ಕೆಲಸಗಾರರಿಗೆ ಭಾನುವಾರದ ರಜೆ ಮುಗಿಸಿ ಬಂದ ಸೋಮವಾರ ತಲೆ ಸಿಡಿಯುತ್ತಿತ್ತು, ರಕ್ತನಾಳಗಳು ಹಿಗ್ಗುತ್ತಿದ್ದುದರಿಂದ. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಎದೆನೋವಿಗೆ ನೈಟ್ರೋಗ್ಲಿಸರಿನ್ ಕೊಟ್ಟು ಫಲ ಕಂಡುದನ್ನು ಪ್ರಕಟಿಸಿದ. ನೊಬೆಲ್‌ಗೆ ಕೊನೆಗಾಲದಲ್ಲಿ ಹೃದ್ರೋಗ ಬಂದಾಗ ವೈದ್ಯರು ಬರೆದುಕೊಟ್ಟದ್ದೂ ಅದನ್ನೇ. ಇಂದು ಯಾವ ಮೆಡಿಕಲ್ ಶಾಪಿನಲ್ಲಾದರೂ ಸಿಗುವ, ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆ ಅದೇ ಮನೆತನದ್ದು. ಇಷ್ಟಾದರೂ ಈ ಔಷಧಗಳು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿಯೇ ಕೆಲಸ ಮಾಡುತ್ತವೆ ಎಂಬುದು 1977ರಲ್ಲಿ ಫೆರಿದ್ ಮುರಾದ್ ತೋರಿಸಿಕೊಡುವವರೆಗೂ ತಿಳಿದಿರಲಿಲ್ಲ.

ದೇಹವೇ ಅದನ್ನು ತಯಾರಿಸುತ್ತದೆ ಎಂದು ಗೊತ್ತಾದ ಬಗೆ ಇನ್ನೂ ಸ್ವಾರಸ್ಯದ್ದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಂಡುಗಳನ್ನು ದ್ರಾವಣದಲ್ಲಿ ತೂಗುಹಾಕಿ ಅವು ಬಿಗಿಯುವುದನ್ನು ಅಳೆಯುತ್ತಿದ್ದ. ಅಸಿಟೈಲ್‌ಕೋಲಿನ್ ಮತ್ತು ಅದರಂಥ ರಾಸಾಯನಿಕಗಳನ್ನು ಹಾಕಿದರೆ ತುಂಡು ಬಿಗಿಯುತ್ತದೆ ಎಂಬುದು ಅವನ ಬಹುಕಾಲದ ಅನುಭವ. 1978ರಲ್ಲಿ ಒಂದು ದಿನ ಅದು ಬಿಗಿಯುವ ಬದಲು ಸಡಿಲವಾಯಿತು. ಹುಡುಕುತ್ತ ಹೋದಾಗ ಕಾರಣ ಸಿಕ್ಕಿತು. ಹಿಂದೆಲ್ಲ ತುಂಡು ಕತ್ತರಿಸಿ ಸಿದ್ಧಪಡಿಸುವಾಗ ನಾಳದ ಒಳಮೈ ಉಜ್ಜಿ ಹೋಗುತ್ತಿತ್ತು, ಈ ಸಲ ಹಾಗೇ ಉಳಿದಿತ್ತು. ಒಂದೇ ಕೋಶದಷ್ಟು ದಪ್ಪದ ಆ ಪದರದ ಹೆಸರು ಎಂಡೋಥೀಲಿಯಂ. ಅದು ಇದ್ದರೆ ನಾಳ ಸಡಿಲ, ಇಲ್ಲದಿದ್ದರೆ ಬಿಗಿ. 1980ರಲ್ಲಿ ಫರ್ಚ್‌ಗಾಟ್ ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಆ ಪದರ ಸ್ರವಿಸುವುದು ನೈಟ್ರಿಕ್ ಆಕ್ಸೈಡ್ ಎಂದು 1986-87ರಲ್ಲಿ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಸಾಲ್ವಡೋರ್ ಮೊಂಕಾಡ ಇವರ ಕೆಲಸದಿಂದ ಖಚಿತವಾಯಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ ನೊಬೆಲ್ ಬಹುಮಾನ ಬಂತು. ಮೊಂಕಾಡ ಹೊರಗುಳಿದದ್ದು ನ್ಯಾಯವಾಗಲಿಲ್ಲ ಎಂದು ಅನೇಕರು ಹೇಳಿದರು, ನನಗೂ ಹಾಗೇ ಅನ್ನಿಸುತ್ತದೆ.

ಅಡಿಕೆ ಸೀಮೆಯವರಿಗಾಗಿ ಇಲ್ಲಿ ಒಂದು ಮಾತು. ಅಡಿಕೆಯಲ್ಲಿರುವ ಅರೆಕೊಲಿನ್ ಕೂಡ ಅಸಿಟೈಲ್‌ಕೋಲಿನ್ ತಟ್ಟುವ ಗ್ರಾಹಕಗಳನ್ನೇ ತಟ್ಟುವ ವಸ್ತು. ಹಾಗೆಂದು ಎಲೆಅಡಿಕೆ ಹೃದಯಕ್ಕೆ ಒಳ್ಳೆಯದೆಂದು ಯಾರೂ ತೀರ್ಮಾನಿಸಬಾರದು. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಅಂಗಸಂಸ್ಥೆ 2004ರಲ್ಲೇ ಹೇಳಿದೆ. ಜೊತೆಗೆ ಹೊಗೆಸೊಪ್ಪು ಸೇರಿತೆಂದರೆ ಅದರ ನಿಕೋಟಿನ್ ನಾಳದ ಒಳಪದರವನ್ನೇ ಕೆಡಿಸುತ್ತದೆ.

ಈಗ ಹಾರ್ಮೋನಿನ ಮಾತಿಗೆ ಬರೋಣ. ಎಂಡೋಥೀಲಿಯಂ ಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವೊಂದಿದೆ, ಚಿಕ್ಕದಾಗಿ ‘ನಾಸ್’ ಎನ್ನೋಣ. ನಾವು ತಿನ್ನುವ ಬೇಳೆಕಾಳು, ಕಡಲೆಬೀಜಗಳಿಂದ ಸಿಗುವ ಆರ್ಜಿನೈನ್ ಎಂಬ ಅಮೈನೋ ಆಮ್ಲವೇ ಅದರ ಕಚ್ಚಾವಸ್ತು. ಹುಟ್ಟಿದ ನೈಟ್ರಿಕ್ ಆಕ್ಸೈಡ್ ಬದುಕಿರುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಪಕ್ಕದ ಸ್ನಾಯುಕೋಶಕ್ಕೆ ನುಸುಳಿ ಅಲ್ಲಿ ಸೈಕ್ಲಿಕ್ ಜಿಎಂಪಿ ಎಂಬ ಇನ್ನೊಂದು ಸಂದೇಶವಾಹಕವನ್ನು ಎಬ್ಬಿಸುತ್ತದೆ. ಕ್ಯಾಲ್ಸಿಯಂ ಇಳಿಯುತ್ತದೆ, ಸ್ನಾಯು ಸಡಿಲವಾಗುತ್ತದೆ, ನಾಳ ಹಿಗ್ಗುತ್ತದೆ. ಹೃದಯದ ಸ್ನಾಯುವಿನಲ್ಲಿ ಇದೇ ಸಂದೇಶ ಇನ್ನೊಂದು ಕೆಲಸ ಮಾಡುತ್ತದೆ. ಅಲ್ಲಿ ಟೈಟಿನ್ ಎಂಬ ಪ್ರೋಟೀನ್ ಇದೆ, ಮನುಷ್ಯ ದೇಹದ ಅತಿ ದೊಡ್ಡ ಪ್ರೋಟೀನ್. ಸ್ನಾಯುವಿನ ಎಳೆತ, ಬಿಗಿತಗಳನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. ಸೈಕ್ಲಿಕ್ ಜಿಎಂಪಿ ಸಾಕಷ್ಟಿದ್ದರೆ ಟೈಟಿನ್ ಮೃದುವಾಗಿರುತ್ತದೆ, ಕೊರತೆಯಾದರೆ ಬಿರುಸಾಗುತ್ತದೆ. ಹೃದಯದ ಸೂಕ್ಷ್ಮ ರಕ್ತನಾಳಗಳ ಒಳಪದರ ಉರಿಯೂತದಿಂದ ಸೊರಗಿ, ನೈಟ್ರಿಕ್ ಆಕ್ಸೈಡ್ ಕಡಿಮೆಯಾಗಿ, ಪಕ್ಕದ ಹೃದಯಕೋಶಗಳು ಬಿರುಸಾಗುತ್ತವೆ ಎಂದು 2013ರಲ್ಲಿ ವಾಲ್ಟರ್ ಪೌಲಸ್ ಮತ್ತು ಕಾರ್ಸ್ಟನ್ ಚೋಪೆ ವಾದ ಮಂಡಿಸಿದರು. ಪಂಪಿಂಗ್ ಸರಿಯಿದ್ದೂ ಸೋಲುವ ಹೃದಯವನ್ನು ವಿವರಿಸಲು ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಈ ವಾದವೇ.

ಈಸ್ಟ್ರೋಜನ್ ಈ ಇಡೀ ಸರಪಳಿಯ ತಲೆಯ ಕಡೆ ಇದೆ. ಅಂಡಾಶಯದಿಂದ ಬರುವ ಅದರ ಮುಖ್ಯ ರೂಪವಾದ ಈಸ್ಟ್ರಡಯಾಲ್ ಒಳಪದರದ ಕೋಶಕ್ಕೆ ತಾಗಿದ ಕೆಲವೇ ನಿಮಿಷಗಳಲ್ಲಿ ನಾಸ್ ಚುರುಕಾಗುತ್ತದೆ. ನಿಧಾನಗತಿಯ ಪ್ರಭಾವವೂ ಇದೆ, ಕೋಶಕೇಂದ್ರಕ್ಕೆ ಹೋಗಿ ನಾಸ್ ಕಿಣ್ವದ ಉತ್ಪಾದನೆಯನ್ನೇ ಹೆಚ್ಚಿಸುತ್ತದೆ. ಜೊತೆಗೆ ನಾಳಗಳನ್ನು ಬಿಗಿಯುವ ಆಂಜಿಯೋಟೆನ್ಸಿನ್ ವ್ಯವಸ್ಥೆಗೆ ಕಡಿವಾಣ ಹಾಕುತ್ತದೆ. ತಿಂಗಳ ಚಕ್ರ ನಡೆಯುತ್ತಿರುವಾಗ ರಕ್ತದ ಒಂದು ಮಿಲಿಲೀಟರಿನಲ್ಲಿ ಈಸ್ಟ್ರಡಯಾಲ್ ಸುಮಾರು 30ರಿಂದ 400 ಪಿಕೋಗ್ರಾಂವರೆಗೆ ಏರಿಳಿಯುತ್ತದೆ. ಒಂದು ಗ್ರಾಂನ ಲಕ್ಷ ಕೋಟಿ ಭಾಗದಲ್ಲಿ ಒಂದು ಭಾಗ ಎಂದರೆ ಒಂದು ಪಿಕೋಗ್ರಾಂ. ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ 20ಕ್ಕಿಂತ ಕೆಳಗಿಳಿಯುತ್ತದೆ. ಕೊಬ್ಬಿನ ಅಂಗಾಂಶದಲ್ಲಿ ತಯಾರಾಗುವ ಈಸ್ಟ್ರೋನ್ ಎಂಬ ದುರ್ಬಲ ಸೋದರ ಹಾರ್ಮೋನ್ ಉಳಿದಿರುತ್ತದೆ ಅಷ್ಟೇ.

ಇದರ ಪರಿಣಾಮವನ್ನು ತೋಳಿನಲ್ಲೇ ಅಳೆಯಬಹುದು. ಬಿಪಿ ನೋಡುವ ಪಟ್ಟಿಯನ್ನು ಐದು ನಿಮಿಷ ಬಿಗಿದು ಬಿಟ್ಟರೆ ರಕ್ತ ರಭಸದಿಂದ ನುಗ್ಗುತ್ತದೆ, ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ಧಮನಿ ಹಿಗ್ಗುತ್ತದೆ. ಎಷ್ಟು ಹಿಗ್ಗಿತು ಎಂದು ಅಲ್ಟ್ರಾಸೌಂಡಿನಲ್ಲಿ ಕಾಣುತ್ತದೆ. ಡೇವಿಡ್ ಸೆಲೆರ್ಮೇಯರ್ ಮತ್ತು ಸಂಗಡಿಗರು 1994ರಲ್ಲಿ ಆರೋಗ್ಯವಂತ ಗಂಡಸರು, ಹೆಂಗಸರನ್ನು ಹೀಗೆ ಪರೀಕ್ಷಿಸಿದರು. ಗಂಡಸರಲ್ಲಿ ಈ ಹಿಗ್ಗುವ ಗುಣ 40ರ ನಂತರ ವರ್ಷಕ್ಕೆ 0.21%ರಂತೆ ಕುಗ್ಗುತ್ತ ಬಂತು. ಹೆಂಗಸರಲ್ಲಿ 50 ದಾಟುವವರೆಗೆ ಕುಗ್ಗಲೇ ಇಲ್ಲ. ಸುಮಾರು 53ರ ನಂತರ ವರ್ಷಕ್ಕೆ 0.49%ರಂತೆ ಇಳಿಯಿತು, ಅಂದರೆ ಗಂಡಸರ ಎರಡರಷ್ಟಕ್ಕಿಂತ ವೇಗವಾಗಿ.

ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುವುದಷ್ಟೇ ಆಗಿದ್ದರೆ ಸುಲಭವಿತ್ತು, ಹೊರಗಿನಿಂದ ತುಂಬಿಕೊಟ್ಟರೆ ಮುಗಿಯುತ್ತಿತ್ತು. ನಾಸ್ ಕಿಣ್ವಕ್ಕೆ ಟೆಟ್ರಾಹೈಡ್ರೊಬಯಾಪ್ಟೆರಿನ್ ಎಂಬ ಸಹಾಯಕ ಅಣು ಬೇಕು. ಅದು ಸಾಲದೆ ಹೋದಾಗ ಅದೇ ಕಿಣ್ವ ದಾರಿ ತಪ್ಪಿ ನೈಟ್ರಿಕ್ ಆಕ್ಸೈಡ್ ಬದಲು ಸೂಪರಾಕ್ಸೈಡ್ ತಯಾರಿಸಲು ತೊಡಗುತ್ತದೆ. ಈ ಸೂಪರಾಕ್ಸೈಡ್ ಅಳಿದುಳಿದ ನೈಟ್ರಿಕ್ ಆಕ್ಸೈಡನ್ನೂ ಕಬಳಿಸಿ ಪೆರಾಕ್ಸಿನೈಟ್ರೈಟ್ ಎಂಬ ವಿಷವಾಗುತ್ತದೆ. ಅದು ಸಹಾಯಕ ಅಣುವನ್ನು ಇನ್ನಷ್ಟು ಕೆಡಿಸುತ್ತದೆ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಲಿಯಾನ್ ಗ್ರೋಬನ್ ಅವರ ತಂಡ ಬಿಪಿ ಏರುವ ತಳಿಯ ಹೆಣ್ಣಿಲಿಗಳ ಅಂಡಾಶಯ ತೆಗೆದು ನೋಡಿತು. ಹೃದಯದ ಹಿಂಡುವ ಶಕ್ತಿ ಹಾಗೇ ಇತ್ತು, ಸಡಿಲಗೊಳ್ಳುವ ಶಕ್ತಿ ಕುಂದಿತ್ತು. ಎಷ್ಟೋ ಹೆಂಗಸರ ಎಕೋದಲ್ಲಿ ಕಾಣುವುದೂ ಇದೇ ಚಿತ್ರ. ಆ ಇಲಿಗಳಲ್ಲಿ ದಾರಿ ತಪ್ಪಿದ ಒಂದು ಬಗೆಯ ನಾಸ್ ಕಿಣ್ವವನ್ನು ತಡೆಹಿಡಿದಾಗ ಹೃದಯ ಸುಧಾರಿಸಿತು. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ನಿಲ್ಲಿಸಿದರೆ ಒಳ್ಳೆಯದಾಗುತ್ತದೆ ಎಂಬುದು ಮೇಲುನೋಟಕ್ಕೆ ತಲೆಕೆಳಗು. ಕಿಣ್ವ ಆಗ ಏನು ತಯಾರಿಸುತ್ತಿತ್ತು ಎಂದು ತಿಳಿದರೆ ಸರಿಯಾಗಿಯೇ ಇದೆ.

ಹಾಗಾದರೆ ಈಸ್ಟ್ರೋಜನ್ ಮಾತ್ರೆ ಕೊಟ್ಟುಬಿಟ್ಟರೆ ಆಯಿತಲ್ಲ? ವೈದ್ಯಲೋಕ ಇದನ್ನು ದಶಕಗಳ ಕಾಲ ನಂಬಿತ್ತು. ನಂಬಲು ಆಧಾರವೂ ಇತ್ತು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ನಡೆದ ಅಧ್ಯಯನದ ಒಂದು ವರದಿ 1976ರಲ್ಲಿ ಬಂತು. 2,873 ಹೆಂಗಸರನ್ನು 24 ವರ್ಷ ಗಮನಿಸಿದ್ದರಲ್ಲಿ ಮುಟ್ಟು ನಿಲ್ಲುವ ಮೊದಲು ಒಬ್ಬರಿಗೂ ಹೃದಯಾಘಾತವಾಗಿರಲಿಲ್ಲ. ಮುಂದೆ ಹಾರ್ಮೋನ್ ಮಾತ್ರೆ ನುಂಗುತ್ತಿದ್ದವರಲ್ಲಿ ಹೃದ್ರೋಗ ಕಡಿಮೆ ಎಂದು ಹಲವು ಸಮೀಕ್ಷೆಗಳು ಹೇಳಿದವು. ಕೊನೆಗೆ ಸರಿಯಾದ ಪರೀಕ್ಷೆ ನಡೆಯಿತು, ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’. 50ರಿಂದ 79 ವರ್ಷದ 16,608 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಅರ್ಧ ಜನಕ್ಕೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್, ಉಳಿದವರಿಗೆ ಹುಸಿಮಾತ್ರೆ ಕೊಟ್ಟರು. 2002ರ ಜುಲೈನಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸ್ತನ ಕ್ಯಾನ್ಸರ್ ಹೆಚ್ಚಾಗಿತ್ತು, ಹೃದಯಾಘಾತವೂ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಲೆಕ್ಕ ಹಾಕಿದರೆ 10,000 ಹೆಂಗಸರಿಗೆ ವರ್ಷಕ್ಕೆ 7 ಹೃದಯಾಘಾತ ಹೆಚ್ಚು.

ಪ್ರಪಂಚದಾದ್ಯಂತ ಹೆಂಗಸರು ರಾತ್ರೋರಾತ್ರಿ ಮಾತ್ರೆ ಬಿಟ್ಟರು. ಆಮೇಲೆ ನಿಧಾನವಾಗಿ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಆ ಪರೀಕ್ಷೆಗೆ ಸೇರಿದವರ ಸರಾಸರಿ ವಯಸ್ಸು 63. ಹೆಚ್ಚಿನವರಿಗೆ ಮುಟ್ಟು ನಿಂತು ಹತ್ತು ವರ್ಷದ ಮೇಲಾಗಿತ್ತು, ನಾಳಗಳಲ್ಲಿ ಆಗಲೇ ಕೊಬ್ಬಿನ ಗಡ್ಡೆ ಕೂತಿದ್ದಿರಬಹುದು, ಈಸ್ಟ್ರೋಜನ್‌ಗೆ ಓಗೊಡುವ ಗ್ರಾಹಕಗಳೂ ಕುಂದಿದ್ದಿರಬಹುದು. 2016ರಲ್ಲಿ ಪ್ರಕಟವಾದ ‘ಎಲೀಟ್’ ಎಂಬ ಪರೀಕ್ಷೆ 643 ಹೆಂಗಸರನ್ನು ಬೇರೆ ರೀತಿಯಲ್ಲಿ ವಿಂಗಡಿಸಿತು: ಮುಟ್ಟು ನಿಂತು 6 ವರ್ಷದೊಳಗಿನವರು ಒಂದು ಗುಂಪು, 10 ವರ್ಷ ದಾಟಿದವರು ಇನ್ನೊಂದು. ಮೊದಲ ಗುಂಪಿನಲ್ಲಿ ಕತ್ತಿನ ಧಮನಿಯ ಗೋಡೆ ದಪ್ಪಗಾಗುವುದು ಈಸ್ಟ್ರಡಯಾಲಿನಿಂದ ನಿಧಾನವಾಯಿತು, ಎರಡನೆಯದರಲ್ಲಿ ಏನೂ ಪ್ರಯೋಜನವಾಗಲಿಲ್ಲ. ಒಂದೇ ಔಷಧ, ಕೊಟ್ಟ ಕಾಲ ಬೇರೆ. ಇಷ್ಟರಿಂದ ಹೃದಯಕ್ಕೆಂದೇ ಹಾರ್ಮೋನ್ ತೆಗೆದುಕೊಳ್ಳಬಹುದು ಎಂದಾಗುವುದಿಲ್ಲ. ಮೈ ಧಗೆ, ರಾತ್ರಿ ಬೆವರು ತಡೆಯಲಾಗದವರು, 60ರ ಒಳಗಿನವರು ಅಥವಾ ಮುಟ್ಟು ನಿಂತು 10 ವರ್ಷದೊಳಗಿನವರು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬಹುದು ಎಂಬಲ್ಲಿಗೆ ಇಂದಿನ ತಿಳಿವಳಿಕೆ ನಿಂತಿದೆ. ಆದರೆ ಒಂದು ಗುಂಪಿಗೆ ಮಾತ್ರ ಲೆಕ್ಕವೇ ಬೇರೆ, ಅಕಾಲದಲ್ಲಿ ಮುಟ್ಟು ನಿಂತವರಿಗೆ.

ಇಲ್ಲಿ ನಮ್ಮ ಊರುಗಳ ಕಥೆ ಬರುತ್ತದೆ. ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ಭಾರತದಲ್ಲಿ 46-47. ನಲವತ್ತಕ್ಕೂ ಮೊದಲೇ ನಿಲ್ಲುವವರು ನಮ್ಮಲ್ಲಿ ಕಡಿಮೆಯೇನಿಲ್ಲ ಎಂದು ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಸಂಶೋಧಕರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶ ಹಿಡಿದು ಇಪ್ಪತ್ತು ವರ್ಷದ ಹಿಂದೆಯೇ ಬರೆದಿದ್ದರು. ತಾನಾಗಿ ನಿಂತದ್ದು ಒಂದು ಬಗೆ. ಗರ್ಭಕೋಶ ತೆಗೆಸಿದ್ದರಿಂದ ನಿಂತದ್ದು ಇನ್ನೊಂದು. 2015-16ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು 3% ಜನರಿಗೆ ಗರ್ಭಕೋಶ ತೆಗೆದಾಗಿತ್ತು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ. ಶಿವಮೊಗ್ಗಕ್ಕೆ ದೂರವೇನಲ್ಲದ ಬೀರೂರಿನಿಂದ, ಮುಂದೆ ಕಲಬುರಗಿಯಿಂದ, 2010ರ ದಶಕದಲ್ಲಿ ಸುದ್ದಿ ಬಂತು: ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಬಡ ಹೆಣ್ಣುಮಕ್ಕಳಿಗೆ, ಅದರಲ್ಲೂ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಣ್ಣುಮಕ್ಕಳಿಗೆ, ಅಗತ್ಯವಿಲ್ಲದೆಯೇ ಗರ್ಭಕೋಶ ತೆಗೆಯಲಾಗಿತ್ತು. ಕ್ಯಾನ್ಸರ್ ಆಗುತ್ತದೆ ಎಂಬ ಒಂದು ಮಾತು ಸಾಕಾಗಿತ್ತು ಅವರನ್ನು ಹೆದರಿಸಲು. ಹೋರಾಟಗಳು ನಡೆದವು, ತನಿಖೆಗಳು ನಡೆದವು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥದೇ ಪ್ರಕರಣಗಳನ್ನು ಕೈಗೆತ್ತಿಕೊಂಡ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಈ ಶಸ್ತ್ರಚಿಕಿತ್ಸೆಗೆ ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಹೇಳಿತು.

ಈ ಚರ್ಚೆಗಳಲ್ಲಿ ಹಣದ ಮಾತು ಬಂತು, ಸಮ್ಮತಿಯ ಮಾತು ಬಂತು, ಮೋಸದ ಮಾತು ಬಂತು. ಹೃದಯದ ಮಾತು ಮಾತ್ರ ಹೆಚ್ಚು ಬರಲಿಲ್ಲ. ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದರೆ ಈಸ್ಟ್ರಡಯಾಲ್ ವರ್ಷಗಳಲ್ಲಿ ಇಳಿಯುವುದಿಲ್ಲ, ಒಂದೆರಡು ದಿನದಲ್ಲೇ ಪಾತಾಳಕ್ಕೆ ಬೀಳುತ್ತದೆ. 45ಕ್ಕೆ ಮೊದಲು ಹೀಗೆ ಎರಡೂ ಅಂಡಾಶಯ ಕಳೆದುಕೊಂಡು ಹಾರ್ಮೋನ್ ಪಡೆಯದವರಲ್ಲಿ ಹೃದಯ ಸಂಬಂಧಿ ಸಾವು ಹೆಚ್ಚು ಎಂದು ಅಮೆರಿಕದ ಮೇಯೋ ಕ್ಲಿನಿಕ್ಕಿನ ದೀರ್ಘಾವಧಿ ಅಧ್ಯಯನ 2009ರಲ್ಲಿ ತೋರಿಸಿತು. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದರೂ ಅಂಡಾಶಯಗಳು ಕೆಲವು ವರ್ಷ ಮೊದಲೇ ಸೋಲುವುದುಂಟು. ಮೂವತ್ತೈದಕ್ಕೆ ಆಪರೇಷನ್ ಆದ ಕೂಲಿ ಹೆಣ್ಣುಮಗಳು ನಲವತ್ತೆಂಟಕ್ಕೆ ಏದುಸಿರು ಬಿಡುತ್ತ ಬಂದರೆ ಅವಳ ನಾಳಗಳು ಈಸ್ಟ್ರೋಜನ್ ಇಲ್ಲದೆ ಹದಿಮೂರು ವರ್ಷ ಕಳೆದಿರಬಹುದು. ಅವಳ ಚೀಟಿಯಲ್ಲಿ ವಯಸ್ಸು ಮಾತ್ರ ಇರುತ್ತದೆ, 48.

40ಕ್ಕೆ ಮೊದಲು ಮುಟ್ಟು ನಿಂತದ್ದನ್ನು ಹೃದ್ರೋಗದ ಅಪಾಯ ಹೆಚ್ಚಿಸುವ ಅಂಶವೆಂದು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2018ರ ಕೊಲೆಸ್ಟೆರಾಲ್ ಮಾರ್ಗಸೂಚಿಯಲ್ಲಿ ಸೇರಿಸಿವೆ. ಇಂಥವರಿಗೆ ಬೇರೆ ಅಡ್ಡಿಯಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಬೇಕು ಎಂಬುದು ಇಂದು ಒಪ್ಪಿತ ಅಭಿಪ್ರಾಯ. ಆದರೆ ಮುಟ್ಟು ಯಾವಾಗ ನಿಂತಿತೆಂದು ಕೇಳದೆ ಗೊತ್ತಾಗುವುದು ಹೇಗೆ?

2025ರ ಜೂನ್-ಜುಲೈನಲ್ಲಿ ಹಾಸನದಲ್ಲಿ ಒಂದರ ಹಿಂದೆ ಒಂದು ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಇಡೀ ರಾಜ್ಯ ಹೆದರಿತು, ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲು ಬೆಳೆಯಿತು. ಮಾತು ಹೆಚ್ಚಾಗಿ ಚಿಕ್ಕ ವಯಸ್ಸಿನ ಗಂಡುಮಕ್ಕಳ ಬಗ್ಗೆ. ಆ ಆತಂಕ ಸಹಜವೇ. ನಡುವಯಸ್ಸು ದಾಟಿದ ಹೆಂಗಸಿನ ಹೃದಯ ಮಾತ್ರ ಹಾಗೆ ಸುದ್ದಿಯಾಗುವುದಿಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ‘ವಧುವಿಗೆ ಕಿವಿಮಾತು’, ‘ತಾಯಿ ಮಗು’ ಬರೆದು ಕನ್ನಡದ ಮನೆಮನೆಗೆ ವೈದ್ಯಕೀಯ ತಿಳಿವಳಿಕೆ ತಲುಪಿಸಿದರು. ವಧುವನ್ನೂ ಬಾಣಂತಿಯನ್ನೂ ಮಾತನಾಡಿಸಿದಷ್ಟು ಅಕ್ಕರೆಯಿಂದ ಐವತ್ತು ದಾಟಿದವಳನ್ನು ನಾವೀಗ ಮಾತನಾಡಿಸಬೇಕಾಗಿದೆ.

ಅವಳ ಹೃದಯಾಘಾತ ಸಿನಿಮಾದಲ್ಲಿ ಎದೆ ಹಿಡಿದು ಕುಸಿಯುವಂತೆ ಬರಬೇಕೆಂದಿಲ್ಲ. ಎದೆನೋವು ಹೆಂಗಸರಲ್ಲೂ ಮುಖ್ಯ ಲಕ್ಷಣವೇ. ಅದರ ಜೊತೆ ಅಥವಾ ಅದಿಲ್ಲದೆ ವಿಪರೀತ ಸುಸ್ತು, ಬೆನ್ನು ಅಥವಾ ದವಡೆ ನೋವು, ವಾಕರಿಕೆ, ತಣ್ಣನೆಯ ಬೆವರು ಬರಬಹುದು. ಗ್ಯಾಸ್ಟ್ರಿಕ್ ಎಂದು ಸೋಡ ಕುಡಿಸಿ ಮಲಗಿಸುವ ಹೊತ್ತಿನಲ್ಲಿ ಹೃದಯಸ್ನಾಯು ಸಾಯುತ್ತಿರುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿಯೂ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನೂ ಉಚಿತ. ಅದು ಕೆಲಸಕ್ಕೆ ಬರುವುದು ಬೇಗ ಹೋದವರಿಗೆ.

ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತೇವೆಂದು ಮಾರುವ ಪುಡಿ, ಮಾತ್ರೆಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಹೃದಯಾಘಾತವಾದವರಿಗೆ ಆರ್ಜಿನೈನ್ ಕೊಟ್ಟು ನೋಡಿದ ಅಮೆರಿಕದ ಪರೀಕ್ಷೆಯೊಂದರ ವರದಿ 2006ರಲ್ಲಿ ಬಂತು. ಆರ್ಜಿನೈನ್ ಗುಂಪಿನಲ್ಲಿ 6 ಜನ ತೀರಿಕೊಂಡರು, ಹುಸಿಮಾತ್ರೆಯ ಗುಂಪಿನಲ್ಲಿ ಒಬ್ಬರೂ ಇಲ್ಲ. ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದರು. ಪಂಪಿಂಗ್ ಸರಿಯಿದ್ದು ಸೋತ ಹೃದಯಕ್ಕೆ 2013ರಲ್ಲಿ ಸಿಲ್ಡೆನಾಫಿಲ್, 2015ರಲ್ಲಿ ನೈಟ್ರೇಟ್ ಮಾತ್ರೆ ಕೊಟ್ಟು ನೋಡಿದರು. ಮೊದಲನೆಯದರಿಂದ ಉಪಯೋಗವಾಗಲಿಲ್ಲ, ಎರಡನೆಯದನ್ನು ತೆಗೆದುಕೊಂಡವರ ಓಡಾಟ ಇನ್ನಷ್ಟು ಕಡಿಮೆಯಾಯಿತು. ಕಿಣ್ವ ದಾರಿ ತಪ್ಪಿರುವಾಗ ಕಚ್ಚಾವಸ್ತು ಸುರಿದು ಫಲವಿಲ್ಲ. ಈ ಬಗೆಯ ಹೃದಯ ವೈಫಲ್ಯದಲ್ಲಿ ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡುತ್ತವೆಂದು ಗಟ್ಟಿಯಾಗಿ ಸಾಬೀತಾಗಿರುವವುಗಳಲ್ಲಿ ಮುಖ್ಯವಾದವು, ಮೊದಲು ಸಕ್ಕರೆ ಕಾಯಿಲೆಗೆಂದು ಬಂದ ಎಂಪಾಗ್ಲಿಫ್ಲೋಜಿನ್ (2021) ಮತ್ತು ಡಾಪಾಗ್ಲಿಫ್ಲೋಜಿನ್ (2022). ಪೇಟೆಂಟ್ ಮುಗಿದಿರುವುದರಿಂದ ನಮ್ಮಲ್ಲಿ ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಯಾರಿಗೆ ಬೇಕೆಂದು ವೈದ್ಯರೇ ನಿರ್ಧರಿಸಬೇಕು.

ಅಡುಗೆಮನೆಯಲ್ಲಿ ಮಾಡಬಹುದಾದ ಕೆಲಸವೂ ಇದೆ. ಹರಿವೆ, ದಂಟು, ಪಾಲಕ್, ಮೂಲಂಗಿ, ಬೀಟ್‌ರೂಟ್‌ಗಳಲ್ಲಿ ನೈಟ್ರೇಟ್ ಇದೆ. ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ, ನಾಸ್ ಕಿಣ್ವದ ಹಂಗಿಲ್ಲದೆ. ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಷ್ ದಿನವೂ ಬಳಸಿದವರ ಬಿಪಿ ಕೆಲವು ಅಧ್ಯಯನಗಳಲ್ಲಿ ತುಸು ಏರಿದ್ದು ಇದರಿಂದಲೇ ಇರಬಹುದು. ಮುಟ್ಟು ನಿಂತ ಮೇಲೆ ಉಪ್ಪಿಗೆ ಬಿಪಿ ಏರುವ ಸ್ವಭಾವ ಹೆಚ್ಚುತ್ತದೆ. ಊಟಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ ಬೇಕೇ ಬೇಕು ಎನ್ನುವ ಮಲೆನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ಹೇಳದಿರುವುದು ತಪ್ಪು. ಅಡುಗೆಗೆ ಗ್ಯಾಸ್ ಬಂದಿದ್ದರೂ ಬಚ್ಚಲ ಹಂಡೆಗೆ ಇನ್ನೂ ಸೌದೆ ಉರಿಸುವ ಮನೆಗಳು ಬಹಳ. ಆ ಹೊಗೆಯ ಸೂಕ್ಷ್ಮ ಕಣಗಳೂ ನಾಳದ ಒಳಪದರಕ್ಕೆ ಕೆಟ್ಟದ್ದು.

ನಡಿಗೆಯ ವಿಷಯದಲ್ಲಿ ಒಂದು ನಿಜ ಹೇಳಬೇಕು. ವ್ಯಾಯಾಮದಿಂದ ಗಂಡಸರ ಧಮನಿಗಳು ಚೆನ್ನಾಗಿ ಹಿಗ್ಗಲು ಕಲಿಯುತ್ತವೆ. ಈಸ್ಟ್ರೋಜನ್ ಇಲ್ಲದ ಹೆಂಗಸರಲ್ಲಿ ಅಷ್ಟು ಫಲ ಕಾಣುವುದಿಲ್ಲ ಎಂದು ಕೊಲೊರಾಡೊ ವಿಶ್ವವಿದ್ಯಾಲಯದ ಕೆರಿ ಮೊರೊ ಅವರ ತಂಡ 2013ರಲ್ಲಿ ವರದಿ ಮಾಡಿತು. ಹಾಗಾದರೂ ನಡಿಗೆಯಿಂದ ಬಿಪಿ, ಸಕ್ಕರೆ, ತೂಕ ಇಳಿಯುತ್ತವೆ, ಬಿರುಸಾದ ಹೃದಯದವರಿಗೆ ದಮ್ಮು ಕಡಿಮೆಯಾಗುತ್ತದೆ. ಈ ಸಂಶೋಧನೆಯಿಂದ ನನಗೆ ಕಾಣುವುದು ಇಷ್ಟು: ನಡಿಗೆಯನ್ನು ಐವತ್ತೈದಕ್ಕೆ ಡಾಕ್ಟರು ಹೇಳಿದ ಮೇಲೆ ಶುರು ಮಾಡುವುದಕ್ಕಿಂತ, ಮುಟ್ಟು ಏರುಪೇರಾಗತೊಡಗುವ ನಲವತ್ತೆರಡು-ಮೂರಕ್ಕೇ ಶುರು ಮಾಡುವುದು ಒಳ್ಳೆಯದು. ಆ ವಯಸ್ಸಿನಲ್ಲಿ ಮನೆಯ ಎಲ್ಲ ಕೆಲಸ ಅವಳ ತಲೆಯ ಮೇಲಿರುತ್ತದೆ. ಬೆಳಗಿನ ಅರ್ಧ ಗಂಟೆಯನ್ನು ಅವಳಿಗೆ ಬಿಟ್ಟುಕೊಡಬೇಕಾದವರು ಮನೆಯ ಉಳಿದವರು.

ಗರ್ಭಕೋಶದ ಆಪರೇಷನ್ ಆಗಿದ್ದರೆ ಆ ಡಿಸ್ಚಾರ್ಜ್ ಕಾಗದವನ್ನು ಹುಡುಕಿ ತೆಗೆಯಿರಿ, ಅಂಡಾಶಯ ಉಳಿಸಿದ್ದಾರೋ ತೆಗೆದಿದ್ದಾರೋ ಎಂದು ಅದರಲ್ಲಿ ಬರೆದಿರುತ್ತದೆ. ಓದಲು ಬಾರದ ಅಮ್ಮನಿಗೆ, ಅತ್ತೆಗೆ, ಅಕ್ಕನಿಗೆ ಓದಿ ಹೇಳಿ. ಹೊಸದಾಗಿ ಯಾರಾದರೂ ಗರ್ಭಕೋಶ ತೆಗೆಸಿ ಎಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳದೆ ಒಪ್ಪಬೇಡಿ. ಬಿಪಿಗೋ ಶುಗರಿಗೋ ದಮ್ಮಿಗೋ ಡಾಕ್ಟರ ಎದುರು ಕೂತಾಗ ಅವರು ಕೇಳದಿದ್ದರೆ ನೀವೇ ಹೇಳಿ: ಮುಟ್ಟು ಯಾವ ವಯಸ್ಸಿಗೆ ನಿಂತಿತು, ತಾನಾಗಿ ನಿಂತಿತೋ ಆಪರೇಷನ್ನಿನಿಂದಲೋ, ಬಸುರಿಯಾಗಿದ್ದಾಗ ಬಿಪಿ ಏರಿತ್ತೋ ಇಲ್ಲವೋ. ವೈದ್ಯ ಮಿತ್ರರಲ್ಲಿ ಕೇಳಿಕೊಳ್ಳುವುದೂ ಇದನ್ನೇ. ಹೆಸರು, ವಯಸ್ಸು, ಬಿಪಿ ಬರೆದ ಕೆಳಗೆ ಇನ್ನೊಂದು ಸಾಲು ಬರೆಯಿರಿ, ಮುಟ್ಟು ನಿಂತ ವರ್ಷ.